ಅಪ್‌ಡೇಟ್: ಓದಾಕ ತಡವರಿಸೋ ಮಗನ ಬಗ್ಗೆ ಕೇಳಿದ್ನಲ್ರಿ, ಸಾಲ್ಯಾಗ ಮಾತಾಡಿದ್ವಿ

ಗಂಗಾವತಿಯಿಂದ ಕೇಳಿದ್ದೆ, ಮಗ ನಾಲ್ಕನೇ ಕ್ಲಾಸು, ಬಾಯಿಲೆಕ್ಕ ಫಟಾಫಟ್ ಹೇಳ್ತಾನ ಆದ್ರ ಪುಸ್ತಕದಾಗ ಒತ್ತಕ್ಷರ ಬಂದ್ರ ನಿಂತೇಬಿಡ್ತಾನ, ಸರ್ಕಾರಿ ಸಾಲ್ಯಾಗ ಯಾರನ್ನ ಹಿಡೀಬೇಕು ಅಂತ. ನೀವೆಲ್ಲ ಹೇಳಿದಂಗ ಮೊದ್ಲು ಕ್ಲಾಸ್ ಟೀಚರ್ ಹತ್ರನ ಹೋದ್ವಿ. ಮನ್ಯಾಗ ಎಲ್ಲೆಲ್ಲಿ ತಡವರಿಸ್ತಾನ ಅಂತ ನಮ್ಮಾಕಿ ಒಂದು ನೋಟ್‌ಬುಕ್ಕಿನ್ಯಾಗ ಬರ್ದಿಟ್ಟಿದ್ಲು, ಅದು ಭಾಳ ಉಪಯೋಗ ಆತ್ರಿ. ಮೇಡಂ ಅದನ್ನ ನೋಡಿ ಅವನ ಕೈಲಿ 'ಅಕ್ಕ' ಓದಿಸಿದ್ರು, ಓದಿದ, 'ಶಾಸ್ತ್ರ' ಅಂತ ಬರ್ದು ತೋರ್ಸಿದ್ರ ಒತ್ತೆಲ್ಲಾ ಬಿಟ್ಟು 'ಶಾಸ' ಅಂದು ನನ್ನ ಮಾರಿ ನೋಡಿದ. ಮೇಡಂ ಒಂದು ಮಾತೂ ಬೈಲಿಲ್ಲ, ಬಿಆರ್‌ಸಿ ಅಂದ್ರ ಬ್ಲಾಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಿಂದ ಬರೋ ಬಿಐಇಆರ್‌ಟಿ, ಅಂದ್ರ ವಿಶೇಷ ಅಗತ್ಯದ ಮಕ್ಕಳನ್ನ ನೋಡ್ಕೊಳ್ಳೋ ಸಂಪನ್ಮೂಲ ಶಿಕ್ಷಕರಿಗೆ, ನಮ್ಮೆದುರಿಗೇ ಫೋನ್ ಹಚ್ಚಿದ್ರು. ಅಂಥವ್ರು ಒಬ್ರು ಇರ್ತಾರ ಅಂತ ಎಷ್ಟೋ ಪಾಲಕ್ರಿಗೆ ಗೊತ್ತಿಲ್ಲ, ಕೇಳ್ರಿ ದಯವಿಟ್ಟು.

ಈಗ ಅವನನ್ನ ಮುಂದ ಕುಂದ್ರಸ್ತಾರ, ಎಲ್ಲಾರ ಮುಂದ ಎಬ್ಬಿಸಿ ಓದ್ಸಾಂಗಿಲ್ಲ, ಉತ್ತರ ಬಾಯಿಲೆ ಕೇಳ್ತಾರ. ಆ ನೋಟ್‌ಬುಕ್ಕೇ ಸಾಲಿಗೂ ಮನಿಗೂ ಓಡಾಡ್ತೈತಿ, ಮೇಡಂ ಎರಡು ಸಾಲು ಬರೀತಾರ, ನಾವೂ ಬರೀತೀವಿ. ಇದು ಕಲಿಕಾ ನ್ಯೂನತೆ, ಅಂದ್ರ ಓದು-ಬರಹದಾಗಿನ ತೊಂದ್ರೆ, ಹೌದೋ ಅಲ್ಲೋ ಅಂತ ದವಾಖಾನಿ ಟೆಸ್ಟ್ ಇನ್ನೂ ಆಗ್ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೊಳಗ ಕಲಿಕಾ ನ್ಯೂನತೆನೂ ಸೇರೈತಿ, ಹಂಗಾಗಿ ಸರ್ಟಿಫಿಕೇಟ್ ಆದ್ರ ಮುಂದ ಪರೀಕ್ಷೆಗೆ ಅನುಕೂಲ ಆಕ್ಕೈತಿ.

ಎಸ್‌ಡಿಎಂಸಿ, ಅಂದ್ರ ಸಾಲಿ ನೋಡ್ಕೊಳ್ಳೋ ಸಮಿತಿ ಬಗ್ಗೆನೂ ಯಾರೋ ಕೇಳಿದ್ರಿ, ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಅದ್ರಾಗ ಮುಕ್ಕಾಲು ಪಾಲು ಪಾಲಕ್ರೇ ಇರ್ಬೇಕು, ಒಟ್ಟು ಸದಸ್ಯರೊಳಗ ಅರ್ಧ ಹೆಣ್ಮಕ್ಕಳು. ಮುಂದಿನ ಮೀಟಿಂಗಿಗೆ ನಮ್ಮಾಕಿ ಹೊಂಟಾಳ, ಇಂಥ ಮಕ್ಕಳ ವಿಷಯ ತೆಗೀತಾಳ.