ಹೆಲ್ಸಿಂಕಿಯ ಶಾಲೆಯಲ್ಲಿ ಮೂರು ವಾರ: ತರಗತಿಯೊಳಗೆ ಸೇರಿಕೊಳ್ಳುವುದು ಹೇಗೆ?

ಪ್ರಶ್ನೆ: ಪ್ರಶಿಕ್ಷಣಾರ್ಥಿ, ಕಲಬುರಗಿ

ಬಿ.ಎಡ್. ಮುಗಿಸಿ, ನಾಲ್ಕು ತಿಂಗಳ ಬೋಧನಾ ಇಂಟರ್ನ್‌ಶಿಪ್‌ಗೆಂದು ಫಿನ್ಲೆಂಡಿಗೆ ಬಂದು ಮೂರು ವಾರವಾಯಿತು. ಕೋಣೆ, ಬಸ್ ಕಾರ್ಡು, ಬ್ಯಾಂಕು ಎಲ್ಲವೂ ಹದಕ್ಕೆ ಬಂದಿವೆ. ತರಗತಿ ಮಾತ್ರ ಬಂದಿಲ್ಲ. ಒಳಗೆ ಕಾಲಿಟ್ಟೊಡನೆ ಮಕ್ಕಳೆಲ್ಲ ಎದ್ದು ನಿಂತು 'ನಮಸ್ತೆ ಟೀಚರ್' ಎನ್ನುವ ಶಾಲೆಯಲ್ಲಿ ಬೋಧನಾಭ್ಯಾಸ ಮಾಡಿದ ನನಗೆ, ಬೂಟು ಹೊರಗೆ ಕಳಚಿಟ್ಟು ಕಾಲುಚೀಲದಲ್ಲೇ ಕುಳಿತ ಇಲ್ಲಿನ ಮಕ್ಕಳು ಹೆಸರು ಹಿಡಿದು ಕರೆಯುವುದು, ಪ್ರಶ್ನೆ ಕೇಳಿದರೆ ಬಹಳ ಹೊತ್ತು ಸುಮ್ಮನಿರುವುದು ದಿಗಿಲು ಹುಟ್ಟಿಸುತ್ತದೆ. ನನ್ನನ್ನು ಯಾರೂ ಬೇಡವೆನ್ನುತ್ತಿಲ್ಲ, ಬೇಕೆನ್ನುತ್ತಲೂ ಇಲ್ಲ. ಸಂಜೆ 4ಕ್ಕೆ ಮೊದಲೇ ಕತ್ತಲಾಗುವ ಈ ನವೆಂಬರಿನಲ್ಲಿ ಕೋಣೆಗೆ ಮರಳಿದಾಗ, ಇಂದು ನಾನು ಏನು ಕಲಿಸಿದೆ ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಅನುಭವಸ್ಥರು ದಾರಿ ತೋರಿಸಬೇಕು.

ಉತ್ತರ: ಶಿಕ್ಷಕಿ, ಬೀದರ್

ತಂಗಿ, ಕೆಲವು ವರ್ಷಗಳ ಹಿಂದೆ ನಾನೂ ಅದೇ ದೇಶದ ಶಾಲೆಯೊಂದರಲ್ಲಿ ಇಂಥದ್ದೇ ದಿನಗಳನ್ನು ಕಳೆದಿದ್ದೇನೆ. ಅಲ್ಲಿ ಹೆಸರು ಹಿಡಿದು ಕರೆಯುವುದು ಅಗೌರವವಲ್ಲ, ಮುಖ್ಯೋಪಾಧ್ಯಾಯರನ್ನೂ ಹಾಗೆಯೇ ಕರೆಯುತ್ತಾರೆ. ಆ ಮೌನವನ್ನು ತಾಳಲಾರದೆ ನಾನೇ ಉತ್ತರ ಹೇಳಿಬಿಡುತ್ತಿದ್ದುದನ್ನು ಕಂಡ ಮಾರ್ಗದರ್ಶಕ ಶಿಕ್ಷಕಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿರಿ ಎಂದರು. ಏಳಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗ ಕೈಯೆತ್ತಿದ.

ನನ್ನನ್ನು ಒಳಗೆ ಬಿಟ್ಟುಕೊಂಡದ್ದು ಭಾಷೆ. ಕುಂಡದ ಹೂವನ್ನು ತೋರಿಸಿ ನಾನು 'ಕುಕ' ಎಂದಾಗ, ಪಕ್ಕದಲ್ಲಿದ್ದ ಹುಡುಗಿ ನಡುವಿನ ಅಕ್ಷರವನ್ನು ಒತ್ತಿ 'ಕುಕ್ಕ' ಎಂದು ತಿದ್ದಿದಳು. ಫಿನ್ನಿಶ್ ಭಾಷೆಯಲ್ಲಿ ಮೊದಲನೆಯದು 'ಯಾರು', ಎರಡನೆಯದು 'ಹೂವು'. ನಮ್ಮ ಕತೆ, ಕತ್ತೆಗಳಿಗಿರುವಷ್ಟೇ ಅಂತರ. 'ತಲೊ' ಮನೆಯಾದರೆ 'ತಲೊಸ್ಸ' ಮನೆಯಲ್ಲಿ. ವಿಭಕ್ತಿ ಬಲ್ಲ ಕನ್ನಡಿಗರಿಗೆ ಇದು ಹೊಸದೇನಲ್ಲ. ಕತೆ, ಕತ್ತೆಗಳನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ ಮೇಲೆ, ಮಕ್ಕಳು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಸಿಕೊಳ್ಳಲು ಸಾಲುಗಟ್ಟಿದರು. 45 ನಿಮಿಷದ ಪಾಠದ ನಂತರ ಬರುವ 15 ನಿಮಿಷದ ವಿರಾಮದಲ್ಲಿ ಸಿಬ್ಬಂದಿ ಕೊಠಡಿಗೆ ಹೋಗದೆ, ಚಳಿಯಿದ್ದರೂ ಮಕ್ಕಳೊಡನೆ ಅಂಗಳಕ್ಕೆ ಇಳಿಯಿರಿ.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯ, ಯಾದಗಿರಿ

ಭಾಷೆಯ ಮಾತು ನಿಜ, ಆದರೆ ಅಷ್ಟೇ ಸಾಲದು ತಾಯಿ. ಅಲ್ಲಿನ ತರಗತಿ ಶಿಕ್ಷಕರು ಸ್ನಾತಕೋತ್ತರ ಪದವಿ ಪಡೆದವರು, ತಮ್ಮ ಪಾಠವನ್ನು ತಾವೇ ಯೋಜಿಸುವವರು. ನಿನಗೆ ಇಂಥ ಕೆಲಸ ಕೊಡಬೇಕೆಂದು ಅವರಿಗೆ ಮೇಲಿನಿಂದ ಆದೇಶ ಬರುತ್ತದೆಂದು ಕಾಯಬೇಡ. ಒಂದು ಗುಂಪು, ಒಂದು ಘಟಕ, ವಾರಕ್ಕೆ ಎರಡು ಅವಧಿ ಎಂದು ಪಾಠಯೋಜನೆ ಬರೆದುಕೊಂಡು ಹೋಗಿ ನೀನೇ ಕೇಳು. ಊಟಕ್ಕೂ ಮಕ್ಕಳ ಮೇಜಿನಲ್ಲೇ ಕುಳಿತುಕೋ. ಆ ದೇಶದಲ್ಲಿ 1948ರಿಂದ ಶಾಲಾ ಮಕ್ಕಳಿಗೆಲ್ಲ ಉಚಿತ ಊಟವಿದೆ. 2002ರಲ್ಲಿ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ ಬಿಸಿಯೂಟ ಆರಂಭವಾದಾಗ, ತಟ್ಟೆಯ ಮುಂದೆ ಕುಳಿತ ಮಗು ತರಗತಿಯಲ್ಲಿ ಆಡದ ಮಾತನ್ನು ಆಡುವುದನ್ನು ನಾನು ಕಣ್ಣಾರೆ ಕಂಡೆ.

ಪ್ರಶಿಕ್ಷಣಾರ್ಥಿ, ಕಲಬುರಗಿ

ಗುರುಗಳೇ, ಇಂದು ಕೇಳಿದೆ. ಗುರುವಾರ ನಾಲ್ವರು ಮಕ್ಕಳಿಗೆ ಭಿನ್ನರಾಶಿ ಕಲಿಸಲು ಒಪ್ಪಿದ್ದಾರೆ. ಅವ್ವ ಕಟ್ಟಿಕೊಟ್ಟ ಖಡಕ್ ಜೋಳದ ರೊಟ್ಟಿಯನ್ನೇ ಬೋಧನೋಪಕರಣವಾಗಿ ಒಯ್ಯಬೇಕೆಂದಿದ್ದೇನೆ, ಆದರೆ ನಾಲ್ಕು ಸಮಭಾಗ ಮಾಡಹೋದರೆ ಚೂರುಚೂರಾಗುತ್ತಿದೆ.

ಶಿಕ್ಷಕಿ, ಬೀದರ್

ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಸುತ್ತಿಡಿ ತಂಗಿ. ಮೆತ್ತಗಾದ ಮೇಲೆ ಕತ್ತರಿಯಿಂದ ಕತ್ತರಿಸಿದರೆ ಭಾಗಗಳು ಸರಿಯಾಗಿ ಬರುತ್ತವೆ.