ಪದ ಬೇಕು, ನಾಳೆಯೊಳಗೆ: ‘ಬ್ಯಾಲೆನ್ಸ್’ ಮತ್ತು ‘ಪ್ರೊಪ್ರಿಯೊಸೆಪ್ಶನ್’

ಡೊಂಬಿವಲಿಯಿಂದ

ಎಲ್ಲರಿಗೂ ನಮಸ್ಕಾರ. ಮುಂಬೈ ಹತ್ತಿರದ ಈ ಊರಿನ ಹಿರಿಯ ಕನ್ನಡಿಗರಿಗೆ ಬೀಳದಂತೆ ನಡೆಯುವ ವ್ಯಾಯಾಮ ಹೇಳಿಕೊಡಲು ಭಾನುವಾರದಿಂದ ತರಗತಿ ಶುರು ಮಾಡುತ್ತಿದ್ದೇವೆ. ಗೋಡೆಗೆ ಹಾಕುವ ಬೋರ್ಡಿನ ಕನ್ನಡ ನನ್ನ ಪಾಲಿಗೆ ಬಂದಿದೆ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು.

ಬ್ಯಾಲೆನ್ಸ್‌ಗೆ ನಿಘಂಟು ‘ಸಮತೋಲನ’ ಎನ್ನುತ್ತದೆ. ಬಜೆಟ್ಟಿಗೂ ಅದೇ, ಊಟಕ್ಕೂ ಅದೇ, ಪರಿಸರಕ್ಕೂ ಅದೇ. ಬಿದ್ದವರು ಯಾರೂ ‘ನನ್ನ ಸಮತೋಲನ ತಪ್ಪಿತು’ ಅನ್ನುವುದಿಲ್ಲ. ನಮ್ಮ ಬಿಲ್ಡಿಂಗಿನ ಅಜ್ಜಿ ಬಿಜಾಪುರದ ಕಡೆಯವರು, ಅವರು ‘ತೋಲ ಹೋತು ನೋಡವ್ವಾ’ ಅಂದರು. ಆ ‘ತೋಲ’ ಇಲ್ಲಿನ ಮರಾಠಿ.

ಎರಡನೆಯದು ಕಷ್ಟದ್ದು. ಬೋರ್ಡಿನಲ್ಲಿ ಮೂರು ಚಿತ್ರ ಇವೆ: ಕಣ್ಣು, ಒಳಗಿವಿ, ಆಮೇಲೆ ಕಾಲು. ನಾವು ಬೀಳದೆ ನಿಲ್ಲುವುದು ಈ ಮೂರರ ಸುದ್ದಿಯನ್ನೂ ಮೆದುಳು ಕೂಡಿಸಿಕೊಳ್ಳುವುದರಿಂದ. ಕಣ್ಣಿಗೂ ಕಿವಿಗೂ ಪದ ಇದೆ. ಸ್ನಾಯು, ಕೀಲು, ಅಂಗಾಲುಗಳಿಂದ ಬರುವ ಸುದ್ದಿಗೆ, ಅಂದರೆ ನೋಡದೆಯೂ ಕಾಲು ಎಲ್ಲಿದೆ, ಎಷ್ಟು ಮಡಚಿದೆ ಎಂದು ತಿಳಿಯುತ್ತದಲ್ಲ, ಅದಕ್ಕೆ ಏನು ಹೇಳೋಣ?

ಪುಣೆಯಿಂದ

ಆಯ. ಬೇರೆ ಹುಡುಕಬೇಡಿ. ‘ಆಯ ತಪ್ಪಿ ಬಿದ್ದ’ ಅಂತ ಮಕ್ಕಳೂ ಹೇಳುತ್ತಾರೆ. ಇಷ್ಟು ಒಳ್ಳೆಯ ಅಚ್ಚಗನ್ನಡ ಪದ ಇರುವಾಗ ಮರಾಠಿ ತೋಲ ಯಾಕೆ?

ಎರಡನೆಯದಕ್ಕೆ ‘ಮೈಯರಿವು’. ಶರೀರವಿಜ್ಞಾನಿ ಶೆರಿಂಗ್ಟನ್ 1906ರಲ್ಲಿ ಆ ಇಂಗ್ಲಿಷ್ ಪದ ಕಟ್ಟಿದ್ದು ‘ತನ್ನದು’ ಎಂಬ ಲ್ಯಾಟಿನ್ ಮಾತಿನಿಂದ. ಹಾಗೆ ನೋಡಿದರೆ ‘ತನ್ನರಿವು’ ಆಗಬೇಕು. ಆದರೆ ಅದು ವಚನದ ಕಡೆ ಹೋಗಿಬಿಡುತ್ತದೆ, ಓದಿದವರು ಅಧ್ಯಾತ್ಮದ ತರಗತಿ ಅಂದುಕೊಳ್ಳುತ್ತಾರೆ. ಮೈಯರಿವೇ ಸರಿ.

ಮಾಟುಂಗದಿಂದ

ಆಯ ಅಚ್ಚಗನ್ನಡ ಅಂತ ಯಾರು ಹೇಳಿದ್ದು ಸರ್? ಮನೆ ಕಟ್ಟುವಾಗ ಆಯ ನೋಡುತ್ತಾರೆ. ಅಳತೆ ಸರಿ ಬರಬೇಕು, ಇಲ್ಲದಿದ್ದರೆ ಆಯ ತಪ್ಪುತ್ತದೆ. ಅದು ವಾಸ್ತುವಿನ ಆಯ, ಸಂಸ್ಕೃತದ್ದು. ಮೈಯ ಆಯವೂ ಅಲ್ಲಿಂದಲೇ ಬಂದಿರಬೇಕು ಅನ್ನುವುದು ನನ್ನ ಎಣಿಕೆ. ಸಂಸ್ಕೃತ ಬೇಡ ಎನ್ನುತ್ತಾ ಅದನ್ನೇ ತಂದು ಕೊಟ್ಟಿದ್ದೀರಿ.

‘ಮೈಯರಿವು’ ಸಡಿಲ ಪದ. ಮುಳ್ಳು ಚುಚ್ಚಿದ್ದು ತಿಳಿಯುವುದೂ ಮೈಯರಿವೇ, ಬಿಸಿ ತಾಗಿದ್ದೂ ಮೈಯರಿವೇ. ‘ಸ್ವಸಂವೇದನೆ’ ಹಾಕಿ.

ಪುಣೆಯಿಂದ

ಸ್ವಸಂವೇದನೆ ಓದಿ ಯಾವ ಅಜ್ಜಿ ಕಾಲು ಎತ್ತುತ್ತಾರೆ, ಹೇಳಿ.

ಆಯದ ಹುಟ್ಟು ಎಲ್ಲಿಯದೇ ಇರಲಿ, ನಮ್ಮ ಬಾಯಲ್ಲಿ ಹಳತಾಗಿದೆ. ತೋಲ ನಿನ್ನೆ ಮೊನ್ನೆ ಬಂದದ್ದು.

ವಾಸ್ಕೋದಿಂದ

ಹಳತು ಹೊಸತು ಜಗಳ ಆಮೇಲೆ ಆಡಿ. ನಾನು ಇಲ್ಲಿ ಗೋವಾದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಕಟ್ಟಡದ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದವರು, ಅವರ ತಾಯಿ ತಂದೆಯರು ನನ್ನ ಹತ್ತಿರ ಬರುತ್ತಾರೆ. ಅವರ ಮಾತನ್ನು ಕಿವಿಗೊಟ್ಟು ಕೇಳಿದರೆ ಅರ್ಧ ಪರೀಕ್ಷೆ ಮುಗಿದ ಹಾಗೆ.

‘ತಲೆ ಸುತ್ತುತ್ತದೆ, ಮನೆಯೇ ತಿರುಗುತ್ತದೆ’ ಎನ್ನುವವರನ್ನು ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ ಜಾಸ್ತಿಯಾ ಎಂದು ಕೇಳುತ್ತೇನೆ. ಹೌದು ಎಂದರೆ ಹೆಚ್ಚಾಗಿ ಒಳಗಿವಿಯ ಸಣ್ಣ ಸುಣ್ಣದ ಹರಳುಗಳು ಜಾಗ ಬಿಟ್ಟು, ಅಲ್ಲಿರುವ ಮೂರು ಬಳೆಯಂಥ ನಾಳಗಳಲ್ಲಿ ಒಂದಕ್ಕೆ ಹೋಗಿರುತ್ತವೆ. ‘ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ’ ಎಂದರೆ ಮೊದಲು ಬಿ.ಪಿ. ನೋಡಬೇಕು. ‘ಜೋಲಿ ಹೋಗುತ್ತದೆ’ ಎನ್ನುವವರ ತಲೆ ಸರಿಯಾಗಿಯೇ ಇರುತ್ತದೆ, ಕಾಲು ಮಾತ್ರ ನಂಬಿಕೆ ಕೊಡುವುದಿಲ್ಲ. ಅವರಿಗೆ ನಾನು ಕೇಳುವುದು ಒಂದೇ: ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಮುಂದಕ್ಕೆ ವಾಲುತ್ತೀರಾ? ಹೌದು ಎಂದರೆ ಕಾಲಿನಿಂದ ಸುದ್ದಿ ಬರುತ್ತಿಲ್ಲ, ಇಷ್ಟು ದಿನ ಕಣ್ಣೇ ಅದರ ಕೆಲಸವನ್ನೂ ಮಾಡುತ್ತಿತ್ತು ಅಂತ ಅನುಮಾನ. ಸಕ್ಕರೆ ಕಾಯಿಲೆಯಲ್ಲಿ ಅಂಗಾಲಿನ ನರಗಳು ಸೋತವರಲ್ಲಿ ಇದು ಬಹಳ. ರೋಂಬರ್ಗ್ ಪರೀಕ್ಷೆಯೂ ಇದೇ ಅಲ್ವಾ? ಪಾದ ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಿಸಿ ನೋಡುವುದು. ಹಿಡಿಯಲು ಪಕ್ಕದಲ್ಲಿ ಒಬ್ಬರು ಇರಲೇಬೇಕು, ಬೋರ್ಡಿನಲ್ಲಿ ಅದನ್ನೂ ಬರೆಯಿರಿ.

ಹೀಗೆ ಮೂರು ತೊಂದರೆಗೆ ಮೂರು ಮಾತು ಜನರ ಬಾಯಲ್ಲೇ ಇವೆ. ಇವನ್ನು ಬಿಟ್ಟು ಸುಮ್ನೆ ಒಂದು ದೊಡ್ಡ ಪದ ಹುಡುಕುವುದು ನನಗೆ ಬೇಸರ ತರಿಸುತ್ತದೆ. ಮಾಟುಂಗದವರು ಹೇಳಿದ್ದು ಸರಿ, ಮೈಯರಿವು ಸಡಿಲ. ಆದರೆ ಕಾಲಿನ ಚಿತ್ರದ ಕೆಳಗೆ ಬಂದರೆ ಬಿಗಿಯಾಗುತ್ತದೆ. ಮತ್ತೆ ಪುಣೆಯವರೇ, ತಲೆ ಮೇಲೆ ಬುಟ್ಟಿ ಹೊತ್ತು ಹಲಗೆ ಹತ್ತುವ ಹೆಂಗಸು ತೋಲ ಎಂದರೆ ಅದು ಅವರ ಕನ್ನಡ. ತಿದ್ದಲು ಹೋಗಬೇಡಿ.

ಪುಣೆಯಿಂದ

ಅವರನ್ನು ತಿದ್ದುತ್ತಿಲ್ಲ. ಬೋರ್ಡಿನ ಮಾತು ಆಡುತ್ತಿದ್ದೇನೆ. ಇವತ್ತು ತೋಲ, ನಾಳೆ ಕಾಲು ಎತ್ತಿ ಅನ್ನುವುದಕ್ಕೂ ಮರಾಠಿಯ ‘ಪಾಯ ಉಚಲಾ’ ಅಂತ ಬರೆಯುತ್ತೀರಾ? ನಮ್ಮ ಮಕ್ಕಳು ಈಗಲೇ ಅರ್ಧ ಕನ್ನಡ ಕಳೆದುಕೊಂಡಿದ್ದಾರೆ.

ಡೊಂಬಿವಲಿಯಿಂದ

ಎಲ್ಲರಿಗೂ ಧನ್ಯವಾದ. ಬೆಳಗ್ಗೆ ಅಜ್ಜಿಗೆ ಓದಿ ಹೇಳಿದೆ. ‘ಆಯ’ ಎಂದರೆ ಸಾಕು, ಅವರಿಗೆ ತಿಳಿಯಿತು. ‘ಮೈಯರಿವು’ ಎಂದಾಗ ಸುಮ್ಮನೆ ಕುಳಿತರು. ಬೋರ್ಡಿನಲ್ಲಿ ಅದರ ಮುಂದಿರುವ ವಿವರಣೆಯನ್ನೂ ಓದಿದ ಮೇಲೆ, ‘ರಾತ್ರಿ ದೀಪ ಹಾಕದೆ ಎದ್ದರೆ ಗೋಡೆ ಹಿಡೀತೀನಲ್ಲ, ಅದು ಕಮ್ಮಿ ಆಗ್ಯದ ಅಂತಲೇ ಏನು?’ ಎಂದು ಕೇಳಿದರು. ವಾಸ್ಕೋದವರು ಹೇಳಿದ ಸೋಪಿನ ಪ್ರಶ್ನೆಯನ್ನೂ ಕೇಳಿದೆ. ಹೌದು ಅಂದರು. ಸೋಮವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ಪೋಶ್ಚರ್‌ಗೆ, ಅಂದರೆ ಮೈಯನ್ನು ಹಿಡಿದು ನಿಲ್ಲುವ ರೀತಿಗೆ, ಒಬ್ಬರು ನನಗೇ ಬರೆದು ‘ಭಂಗಿ’ ಎಂದು ಸೂಚಿಸಿದ್ದರು. ಮುಂಬೈ ಕಿವಿಗೆ ಅದು ಜಾತಿ ಹಿಡಿದು ಹೀಯಾಳಿಸುವ ಮಾತಾಗಿ ಕೇಳುತ್ತದೆ, ಬೇಡ. ತರಗತಿಯಲ್ಲಿ ‘ನಿಲುವು’ ಎನ್ನುತ್ತೇನೆ.

ಬೋರ್ಡು ಈಗ ಹೀಗಿದೆ:

ಆಯ ತಪ್ಪದೆ ನಡೆಯೋಣ
ಕಣ್ಣು: ಸುತ್ತಲಿನದನ್ನು ನೋಡುತ್ತದೆ
ಒಳಗಿವಿ: ತಲೆ ಎತ್ತ ವಾಲಿತು, ತಿರುಗಿತು ಎಂದು ಹೇಳುತ್ತದೆ
ಮೈಯರಿವು: ನೋಡದೆಯೂ ಕಾಲು ಎಲ್ಲಿದೆ ಎಂದು ತಿಳಿಸುತ್ತದೆ
ಕಣ್ಣು ಮುಚ್ಚಿ ನಿಲ್ಲುವಾಗ ಪಕ್ಕದಲ್ಲಿ ಒಬ್ಬರು ಇರಲಿ

ಆರು ಗಂಟೆಗೆ ಪ್ರೆಸ್ಸಿಗೆ ಹೋಗುತ್ತೇನೆ. ಕಾಗುಣಿತ ತಪ್ಪಿದ್ದರೆ ಅಷ್ಟರೊಳಗೆ ಹೇಳಿ.