ಸೊಂಟದ ಕೀಲು ಬದಲಾವಣೆಗೆ ಎಪಿಡ್ಯೂರಲ್: ಬ್ಯುಪಿವಕೇನ್ 0.5%ನಾ, ರೋಪಿವಕೇನ್ 0.75%ನಾ?

ಪ್ರಶ್ನೆ (ಅರಿವಳಿಕೆ ಸ್ನಾತಕೋತ್ತರ ವಿದ್ಯಾರ್ಥಿ, 2ನೇ ವರ್ಷ)
ರೋಗಿಗೆ 68 ವರ್ಷ, 60 ಕೆಜಿ ತೂಕ, ಬಿಪಿಗೆ ಅಟೆನೊಲಾಲ್ ತಗೊಳ್ತಿದ್ದಾರೆ. ಆಪರೇಷನ್ ಎರಡೂವರೆ ಗಂಟೆ ಹಿಡಿಯಬಹುದು. ಸ್ಪೈನಲ್ (ಬೆನ್ನುಹುರಿ ದ್ರವದೊಳಗೆ ಚುಚ್ಚೋದು) ಇಲ್ಲದೆ ಎಪಿಡ್ಯೂರಲ್ (ಆ ದ್ರವದ ಪೊರೆಯ ಹೊರಗೆ ಸಣ್ಣ ಕೊಳವೆ, ಅಂದರೆ ಕ್ಯಾಥೆಟರ್ ಇಟ್ಟು ಮರಗಟ್ಟಿಸೋ ಔಷಧಿ ಕೊಡೋದು) ಒಂದರಲ್ಲೇ ಮಾಡಬೇಕು. ರೋಪಿವಕೇನ್ ಹೃದಯಕ್ಕೆ ಸುರಕ್ಷಿತ ಅಂತಾರೆ, ಆದರೆ ಸ್ನಾಯು ಸಡಿಲ ಆಗಲ್ಲ ಅಂತ ಸರ್ಜನ್‌ಗಳ ತಕರಾರು. ಯಾವುದು ಹಾಕೋದು, ಎಷ್ಟು ಮಿಲಿ?

ಉತ್ತರ 1
ಆ ತಕರಾರು ಬರೋದು ಹೆಚ್ಚಾಗಿ 0.5% ರೋಪಿವಕೇನ್ ಹಾಕಿದಾಗ. ಅದರ ಶಕ್ತಿ ಬ್ಯುಪಿವಕೇನ್‌ನ ಸುಮಾರು 0.6 ಪಾಲು ಮಾತ್ರ. ಹಾಗಾಗಿ 0.5% ಬ್ಯುಪಿವಕೇನ್‌ಗೆ ಸರಿಜೋಡಿ 0.75% ರೋಪಿವಕೇನ್. ಒಂದೇ ಶೇಕಡಾ ಇಟ್ಟುಕೊಂಡು ಹೋಲಿಸಿದರೆ ರೋಪಿವಕೇನ್‌ಗೆ ಅನ್ಯಾಯ ಆಗುತ್ತೆ.

ಈಗ ನಿಮ್ಮ ರೋಗಿಯ ಲೆಕ್ಕ ನೋಡಿ. ಬ್ಯುಪಿವಕೇನ್ ಕೆಜಿಗೆ 2 ಮಿಗ್ರಾಂ ಅಂದರೆ 120 ಮಿಗ್ರಾಂ, 24 ಮಿಲಿ. ರೋಪಿವಕೇನ್ ಕೆಜಿಗೆ 3 ಮಿಗ್ರಾಂ ಅಂದರೆ 180 ಮಿಗ್ರಾಂ, ಅದೂ 24 ಮಿಲಿನೇ! ಮಿಲಿ ಲೆಕ್ಕದಲ್ಲಿ ಹೆಚ್ಚುವರಿ ಅವಕಾಶ ಏನೂ ಸಿಗಲ್ಲ. ವ್ಯತ್ಯಾಸ ಕಾಣೋದು ಔಷಧಿ ರಕ್ತನಾಳಕ್ಕೆ ಹೋದಾಗ. ಬ್ಯುಪಿವಕೇನ್ ಹೃದಯದ ಸೋಡಿಯಂ ಚಾನೆಲ್‌ಗೆ ಬೇಗ ಅಂಟಿಕೊಂಡು ನಿಧಾನಕ್ಕೆ ಬಿಡುತ್ತೆ, ಹಾಗಾಗಿ ಹೃದಯ ನಿಂತರೆ ಮತ್ತೆ ಶುರು ಮಾಡೋದು ಕಷ್ಟ. 1979ರಲ್ಲಿ ಆಲ್‌ಬ್ರೈಟ್ ಬರೆದ ಸಂಪಾದಕೀಯ ಎಚ್ಚರಿಸಿದ್ದು ಇದನ್ನೇ.

ನನ್ನ ಆಯ್ಕೆ 0.75% ರೋಪಿವಕೇನ್, ಎಲ್‌3-ಎಲ್‌4ರಲ್ಲಿ (ಸೊಂಟದ 3 ಮತ್ತು 4ನೇ ಕಶೇರುಕದ ನಡುವೆ) ಒಟ್ಟು 15 ಮಿಲಿ. ವಯಸ್ಸಾದವರಲ್ಲಿ ಮರಗಟ್ಟುವ ಮಟ್ಟ ಬೇಗ ಮೇಲೇರುತ್ತೆ, ಟಿ10 (ಹೊಕ್ಕುಳ) ತನಕ ಬಂದರೆ ಸಾಕು. ಲಿವೋಬ್ಯುಪಿವಕೇನ್ 0.5% (ಬ್ಯುಪಿವಕೇನ್‌ದೇ ಒಂದು ರೂಪ, ಹೃದಯಕ್ಕೆ ಕಡಿಮೆ ಅಪಾಯ) ಸಿಕ್ಕರೆ ಅದೂ ಒಳ್ಳೆಯದೇ.

ಉತ್ತರ 2
ಅಟೆನೊಲಾಲ್ ಅಂದಿದ್ದೀರಿ, ಅದು ನಾಡಿ ತಗ್ಗಿಸುವ ಬೀಟಾ ಬ್ಲಾಕರ್, ಅಲ್ಲಿ ಗಮನ ಇರಲಿ. ಕ್ಯಾಥೆಟರ್ ಸರಿಯಾದ ಜಾಗದಲ್ಲಿದೆಯಾ ನೋಡುವ ಟೆಸ್ಟ್ ಡೋಸ್ 1.5% ಲಿಗ್ನೊಕೇನ್ 3 ಮಿಲಿ, ಅದರಲ್ಲಿ ಅಡ್ರಿನಲಿನ್ 15 ಮೈಕ್ರೋಗ್ರಾಂ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಾಡಿ 20 ಏರಿದರೆ ಕ್ಯಾಥೆಟರ್ ರಕ್ತನಾಳದಲ್ಲಿದೆ ಅಂತ ಅರ್ಥ. ಬೀಟಾ ಬ್ಲಾಕರ್ ಮೇಲಿರುವವರಲ್ಲಿ ನಾಡಿ ಏರದೇ ಇರಬಹುದು, ಸಿಸ್ಟಾಲಿಕ್ ಬಿಪಿ 15-20 ಏರಿತಾ ನೋಡಿ. ಆಮೇಲೆ ಐದು ನಿಮಿಷ ಕಾದು ಕಾಲು ಎತ್ತಿಸಿ. ಅಷ್ಟರಲ್ಲೇ ಕಾಲು ಭಾರವಾದರೆ ಔಷಧಿ ಬೆನ್ನುಹುರಿ ದ್ರವಕ್ಕೆ ಹೋಗಿದೆ, ಅಂದರೆ ಅದು ಸ್ಪೈನಲ್.

ಮುಖ್ಯ ಡೋಸ್ ಒಂದೇ ಸಲಕ್ಕೆ ತಳ್ಳಬೇಡಿ. 5 ಮಿಲಿ, ಹಿಂದಕ್ಕೆ ಎಳೆದು ನೋಡೋದು, ಮೂರ್ನಾಲ್ಕು ನಿಮಿಷ ಕಾಯೋದು, ಮತ್ತೆ 5 ಮಿಲಿ. ಬ್ಯುಪಿವಕೇನ್ ಬಳಸುವುದಾದರೆ ಲೇಬಲ್ ಜೋರಾಗಿ ಓದಿಸಿ: 4 ಮಿಲಿ ಆಂಪೂಲ್‌ನಲ್ಲಿ ಬರುವ ಹೆವಿ, ಅಂದರೆ ಡೆಕ್ಸ್‌ಟ್ರೋಸ್ ಇರುವುದು, ಸ್ಪೈನಲ್‌ಗೆ. ನಿಮಗೆ ಬೇಕಾಗಿರೋದು 20 ಮಿಲಿ ವಯಲ್‌ನ ಪ್ಲೇನ್.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್ ಸರ್, ಮೇಡಂ. ಬೇಗ ಹಿಡಿಯಲಿ ಅಂತ ಲಿಗ್ನೊಕೇನ್ 2% ಅರ್ಧಕ್ಕರ್ಧ ಬೆರೆಸಬಹುದಾ? ಸೋಡಾ ಬೈಕಾರ್ಬ್?

ಉತ್ತರ 1
ಬೆರೆಸಿದರೆ ಎರಡರ ಸಾಂದ್ರತೆಯೂ ಅರ್ಧಕ್ಕಿಳಿಯುತ್ತೆ, ಅವಧಿ ಕಡಿಮೆಯಾಗುತ್ತೆ, ವಿಷತ್ವ ಮಾತ್ರ ಕೂಡುತ್ತಾ ಹೋಗುತ್ತೆ. ಬೈಕಾರ್ಬ್ ಲಿಗ್ನೊಕೇನ್‌ಗೆ ಸರಿ. ರೋಪಿವಕೇನ್‌ಗೆ ಹಾಕಿದರೆ ಸಿರಿಂಜ್‌ನಲ್ಲೇ ಬೆಳ್ಳಗೆ ಒಡೆಯುತ್ತೆ, ಹಾಗಾದದ್ದನ್ನು ಕೊಡಲೇಬಾರದು. ಬದಲಿಗೆ ಫೆಂಟನಿಲ್ (ಪ್ರಬಲ ನೋವು ನಿವಾರಕ) 50 ಮೈಕ್ರೋಗ್ರಾಂ ಸೇರಿಸಿ, 20 ನಿಮಿಷ ಕಾಯಿರಿ. ಎಲ್‌5, ಎಸ್‌1 ನರದ ಬೇರುಗಳು ದಪ್ಪ, ಅಲ್ಲಿ ಕೊನೆಗೆ ಹಿಡಿಯುತ್ತೆ. ಒಂದೇ ಕಡೆ ಹಿಡಿದರೆ ಕ್ಯಾಥೆಟರ್ 1 ಸೆಂಮೀ ಹಿಂದೆಳೆದು, ಒಟ್ಟು ಡೋಸ್ ಮಿತಿಯೊಳಗೇ ಮತ್ತೆ 3-5 ಮಿಲಿ ಕೊಡಿ. ಒಳಗೆ 4-5 ಸೆಂಮೀಗಿಂತ ಹೆಚ್ಚು ಬಿಟ್ಟಾಗಲೇ ಈ ತೊಂದರೆ ಜಾಸ್ತಿ.

ಉತ್ತರ 3
ಯಾವುದೇ ಔಷಧಿ ಹಾಕಿ, ಇವು ರಕ್ತಕ್ಕೆ ಹೋಗಿ ವಿಷವಾದರೆ ಕೊಡುವ 20% ಲಿಪಿಡ್ ಎಮಲ್ಷನ್ (ಕೊಬ್ಬಿನ ದ್ರಾವಣ) ಥಿಯೇಟರ್‌ನಲ್ಲೇ ಇರಲಿ. ಬಾಯಿಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಅನ್ನೋದು, ಮಾತು ತೊದಲೋದು ಕಂಡರೆ ಡೋಸ್ ನಿಲ್ಲಿಸಿ. ಫಿಟ್ಸ್ ಬಂದರೆ ಅಥವಾ ನಾಡಿ ಕೆಟ್ಟರೆ ಆಮ್ಲಜನಕ, ಮಿಡಜೋಲಾಮ್, ಜೊತೆಗೆ ಕೆಜಿಗೆ 1.5 ಮಿಲಿ ಲಿಪಿಡ್: ಈ ರೋಗಿಗೆ 90 ಮಿಲಿ, ಎರಡು-ಮೂರು ನಿಮಿಷದಲ್ಲಿ. ಆಮೇಲೆ ನಿಮಿಷಕ್ಕೆ 15 ಮಿಲಿ. ಅಡ್ರಿನಲಿನ್ ಇಲ್ಲಿ ಕೆಜಿಗೆ 1 ಮೈಕ್ರೋಗ್ರಾಂ ಮೀರಬಾರದು, 1 ಮಿಗ್ರಾಂ ತಳ್ಳುವ ಅಭ್ಯಾಸ ಬೇಡ. ಬೆಳ್ಳಗಿದೆ ಅಂತ ಪ್ರೊಪೊಫಾಲ್ (ಪ್ರಜ್ಞೆ ತಪ್ಪಿಸೋ ಔಷಧಿ) ಲಿಪಿಡ್‌ಗೆ ಬದಲಿಯಲ್ಲ, ಬಿಪಿ ಇನ್ನೂ ಬೀಳುತ್ತೆ.